‘ಸೈಲೆಂಟ್ ಏರಿಯಾ ಸಾರ್’: ಬಾಡಿಗೆಗೆ ಮುಂಚೆ ಬೀದಿಯನ್ನು ನಾನು ನೋಡುವ ರೀತಿ

ಜಯನಗರ, ಬನಶಂಕರಿ ಕಡೆ ಮನೆ ಹುಡುಕಲು ಹೊರಟರೆ ಬ್ರೋಕರ್ ಬಾಯಲ್ಲಿ ಮೊದಲು ಬರುವ ಮಾತು, ‘ಏರಿಯಾ ತುಂಬಾ ಸೈಲೆಂಟು ಸಾರ್’. ತೋರಿಸುವುದು ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಬೆಂಗಳೂರಿನ ಯಾವ ಕ್ರಾಸ್ ರಸ್ತೆಯೂ ಸೈಲೆಂಟೇ. ಹಾಗಾಗಿ ಮನೆ ಹಿಡಿಸಿದರೆ ಅದೇ ಬೀದಿಗೆ ಇನ್ನೂ ನಾಲ್ಕು ಸಲ ಹೋಗುತ್ತೇನೆ: ವಾರದ ದಿನ ಬೆಳಗ್ಗೆ ಎಂಟಕ್ಕೆ, ಸಂಜೆ ಆರೂವರೆಗೆ, ರಾತ್ರಿ ಹತ್ತೂವರೆಗೆ, ಇನ್ನೊಂದು ದಿನ ಬೆಳಗಿನ ಐದೂವರೆಗೆ.

ಎಂಟರ ಹೊತ್ತಿಗೆ ಸ್ಕೂಲ್ ವ್ಯಾನುಗಳು ಎಲ್ಲಿ ನಿಲ್ಲುತ್ತವೆ, ಯಾರ ಗೇಟಿಗೆ ಅಡ್ಡ ನಿಲ್ಲುತ್ತವೆ ಎಂಬುದು ಕಾಣುತ್ತದೆ. ಸಂಜೆಯದ್ದು ಬೇರೆ ಲೆಕ್ಕ. ಮೈನ್ ರೋಡಿನ ಸಿಗ್ನಲ್ ಕಟ್ಟಿಕೊಂಡರೆ ಮ್ಯಾಪ್ ನೋಡಿಕೊಂಡು ಬರುವ ಗಾಡಿಗಳೆಲ್ಲ ಪಕ್ಕದ ಕ್ರಾಸಿಗೆ ನುಗ್ಗುತ್ತವೆ. ಗೇಟಿನೆದುರು ನಿಂತು ಹತ್ತು ನಿಮಿಷ ಗಾಡಿ ಎಣಿಸುತ್ತೇನೆ. 20ರ ಒಳಗಿದ್ದರೆ ಅವು ಬೀದಿಯವರದ್ದೇ ಗಾಡಿ. 60 ದಾಟಿದರೆ ಆ ಬೀದಿ ಅಡ್ಡದಾರಿ ಆಗಿಹೋಗಿದೆ ಎಂದರ್ಥ. ಇದು ನನ್ನ ಅಂದಾಜಿನ ಗೆರೆ, ಸರ್ಕಾರದ್ದಲ್ಲ.

ಸರ್ಕಾರದ ಗೆರೆಯೂ ಇದೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45. ಫೋನಿನ ಆ್ಯಪ್ ತೋರಿಸುವ ಅಂಕಿ ಪಕ್ಕಾ ಅಲ್ಲ, ಆದರೆ ಒಂದೇ ಫೋನಿನಲ್ಲಿ ಎರಡು ಮನೆ ಅಳೆದು ಹೋಲಿಸಲು ಅಷ್ಟು ಸಾಕು. ಮಲಗುವ ಕೋಣೆಯಲ್ಲಿ ಕಿಟಕಿ ತೆರೆದು ಐದು ನಿಮಿಷ, ಮುಚ್ಚಿ ಐದು ನಿಮಿಷ. ಮುಚ್ಚಿದರೂ ಅಂಕಿ ಇಳಿಯದಿದ್ದರೆ ಸದ್ದು ಹೆಚ್ಚಾಗಿ ಕಟ್ಟಡದ ಒಳಗಿನದು: ಲಿಫ್ಟು, ಇಲ್ಲವೇ ನೀರಿನ ಮೋಟರು. ಕಾವೇರಿ ನೀರು ನಸುಕಿನಲ್ಲಿ ಬರುವ ಬೀದಿಗಳಲ್ಲಿ ಮನೆಮನೆಯ ಮೋಟರೂ ಒಟ್ಟಿಗೆ ಶುರುವಾಗುತ್ತವೆ. ಐದೂವರೆಗೆ ಹೋಗುವುದು ಇದಕ್ಕೇ. ಏಪ್ರಿಲ್‌ನಲ್ಲಿ ಕೋಗಿಲೆ ಅದಕ್ಕೂ ಮುಂಚೆ ಶುರುಮಾಡಿರುತ್ತದೆ; ಅದರ ಮೇಲೆ ಯಾವ ನಿಯಮವೂ ನಡೆಯುವುದಿಲ್ಲ.

ವರ್ಷಕ್ಕೊಮ್ಮೆ ಬರುವ ಸದ್ದಿಗೂ ಗುರುತುಗಳಿವೆ. ಮೂಲೆಯಲ್ಲಿ ಕನ್ನಡ ಬಾವುಟದ ಕಂಬ ಇದ್ದರೆ ನವೆಂಬರ್‌ನಲ್ಲಿ ಒಂದು ಸಂಜೆಯಾದರೂ ಆರ್ಕೆಸ್ಟ್ರಾ ಗ್ಯಾರಂಟಿ. ಟಾರಿನಲ್ಲಿ ಸಾಲಾಗಿ ಗುಳಿ ಕಂಡರೆ ಅಲ್ಲಿ ಗಣೇಶನ ಪೆಂಡಾಲ್ ಹಾಕುತ್ತಾರೆ. ಇವು ನನಗೆ ತೊಂದರೆಯಲ್ಲ, ಹಬ್ಬ ಇಲ್ಲದ ಬೀದಿ ಯಾಕೆ ಬೇಕು? ಕಲ್ಯಾಣಮಂಟಪ ಮಾತ್ರ 200 ಮೀಟರ್ ಒಳಗೆ ಬೇಡ. ಮುಹೂರ್ತ ಇದ್ದ ದಿನವೆಲ್ಲ ಜನರೇಟರು, ಪಾರ್ಕಿಂಗ್ ಜಗಳ, ಮಾರನೇ ದಿನ ಎಲೆಯ ರಾಶಿ.

ಇನ್ನು ನೀರು. ಸೈಲೆಂಟು ನೋಡಿ ಮನೆ ಹಿಡಿದವರು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ. ‘ಸಂಪು ಹತ್ತು ಸಾವಿರ ಲೀಟರು’ ಎಂದು ಓನರ್ ಹೇಳಿದರೆ ಮುಚ್ಚಳ ತೆಗೆಸಿ ಅಳತೆ ಕೇಳುತ್ತೇನೆ. ಉದ್ದ 6 ಅಡಿ, ಅಗಲ 5, ಆಳ 5 ಎಂದರೆ 150 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ, ಅಲ್ಲಿಗೆ ಸುಮಾರು 4,250. ಮೇಲಿನ ಒಂದಡಿ ತುಂಬುವುದಿಲ್ಲ, ಉಳಿಯುವುದು 3,400. ಈಗ ಖರ್ಚು ನೋಡಿ: ತಲೆಗೆ ದಿನಕ್ಕೆ 135 ಲೀಟರ್, ಆ ಸಂಪು ನೆಚ್ಚಿಕೊಂಡ ನಾಲ್ಕು ಮನೆಯ 16 ಜನಕ್ಕೆ 2,160. ದಿನ ಬಿಟ್ಟು ದಿನ ನೀರು ಬಂದರೂ ಎರಡು ದಿನಕ್ಕೆ 4,320 ಬೇಕು. ಒಂದು ಸರದಿಯೂ ತಪ್ಪದೆಯೇ ಕೊರತೆ! ಅದನ್ನು ತುಂಬುವುದು ಬೋರ್ ಅಥವಾ ಟ್ಯಾಂಕರು. ಟ್ಯಾಂಕರ್ ದುಡ್ಡು ಮೆಂಟೆನೆನ್ಸ್ ಒಳಗಿದೆಯೋ, ಆಮೇಲೆ ಹಂಚುತ್ತಾರೋ ಎಂಬುದನ್ನು ಅಗ್ರಿಮೆಂಟಿನಲ್ಲೇ ಬರೆಸಬೇಕು.

ಬೋರ್ ನೀರಾದರೆ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಅದ್ದಿ ನೋಡುತ್ತೇನೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಪ್ಪುವ ಮಟ್ಟ. ಪೆನ್ ಇಲ್ಲದಿದ್ದರೆ ಬಚ್ಚಲಿನ ನಲ್ಲಿಯ ಬುಡ, ಶವರಿನ ತೂತು ನೋಡಿ. ಬಿಳಿ ಹರಳು ಕಟ್ಟಿದ್ದರೆ ಗೀಸರ್ ಕಾಯಿಲಿಗೂ ಅದೇ ಗತಿ.

ದೊಡ್ಡ ಮರಗಳ ಸಾಲು ಕಣ್ಣಿಗೆ ಹಿತ. ಆದರೆ ತಂತಿಗಳು ಕೊಂಬೆಗಳ ನಡುವೆ ಹಾದಿದ್ದರೆ ಏಪ್ರಿಲ್-ಮೇ ಮಳೆಗಾಳಿಗೆ ಕರೆಂಟ್ ಹೋಗುತ್ತದೆ, ರಾತ್ರಿ ಹೋದರೆ ಬೆಳಗ್ಗೆಯೇ ಬರುವುದು. ಮನೆಯಿಂದ ಕೆಲಸ ಮಾಡುವವರು ಯುಪಿಎಸ್ ಖರ್ಚನ್ನು ಬಾಡಿಗೆಗೆ ಸೇರಿಸಿಕೊಂಡೇ ಲೆಕ್ಕ ಹಾಕಲಿ.

ಈಗಿನ ಸದ್ದು ಅಳೆದರೆ ಸಾಲದು, ಮುಂದಿನ ವರ್ಷದ್ದನ್ನೂ ಊಹಿಸಬೇಕು. ಪಕ್ಕದಲ್ಲಿ ಖಾಲಿ ಸೈಟಿದೆಯೇ? ಬೀಗ ಹಾಕಿದ, ಅಂಗಳದಲ್ಲಿ ಎಲೆ ಕೊಳೆಯುತ್ತಿರುವ ಹಳೇ ಹೆಂಚಿನ ಮನೆ ಇದೆಯೇ? ಮೀಟರ್ ಬೋರ್ಡ್ ಕಿತ್ತಿದ್ದರೆ ಒಡೆಯುವ ದಿನ ಹತ್ತಿರ. ಆಮೇಲೆ ಒಂದು ವರ್ಷ ಗ್ರಾನೈಟ್ ಕಟರಿನ ಕಿರುಚು, ಕಾಂಕ್ರೀಟಿನ ದಿನ ರಾತ್ರಿಯವರೆಗೂ ಮಿಕ್ಸರ್. ಈ ಸುದ್ದಿ ಓನರ್ ಹೇಳುವುದಿಲ್ಲ, ಬ್ರೋಕರಂತೂ ಹೇಳುವುದೇ ಇಲ್ಲ. ಬೀದಿ ಮೂಲೆಯ ಇಸ್ತ್ರಿ ಗಾಡಿಯವರಿಗೆ ಗೊತ್ತಿರುತ್ತದೆ. ಎರಡು ಜೊತೆ ಬಟ್ಟೆ ಕೊಟ್ಟು, ‘ಅಣ್ಣ, ಇಲ್ಲಿ ನೀರು ಯಾವ ದಿನ ಬರತ್ತೆ? ಆ ಹಳೇ ಮನೆ ಯಾರ್ದು?’ ಎಂದು ಕೇಳಿದರೆ ಆಯಿತು. ಎಷ್ಟು ಮನೆ ಪೀಜಿ ಆಗಿದೆ ಎಂಬುದೂ ಅಲ್ಲೇ ತಿಳಿಯುತ್ತದೆ.

ಕೊನೆಗೆ ಒಂದು ದಿನ ಗಾಡಿ ಬಿಟ್ಟು ನಡೆದು ನೋಡುತ್ತೇನೆ. ನಂದಿನಿ ಬೂತು, ತರಕಾರಿ, ಮೆಡಿಕಲ್ ಶಾಪು ಹತ್ತು ನಿಮಿಷದೊಳಗೆ ಸಿಗಬೇಕು, ವಯಸ್ಸಾದವರಿದ್ದರೆ ಐದರೊಳಗೆ. ಫುಟ್‌ಪಾತಿನಿಂದ ಎಷ್ಟು ಸಲ ರಸ್ತೆಗೆ ಇಳಿಯಬೇಕಾಯಿತು ಎಂದೂ ಎಣಿಸುತ್ತೇನೆ. ರಾತ್ರಿ ಹತ್ತೂವರೆಗೆ ಹೋದಾಗ ಬೀದಿದೀಪ, ನಾಯಿಗಳ ಗುಂಪು ನೋಡಿ, ಅಲ್ಲಿಂದಲೇ ಒಂದು ಆಟೋ ಬುಕ್ ಮಾಡಿ ಮನೆಗೆ ಬರುತ್ತೇನೆ. ಬೀದಿ ತೀರಾ ಒಳಗಿದ್ದರೆ ಡ್ರೈವರುಗಳು ಒಪ್ಪಿಕೊಂಡು ಕ್ಯಾನ್ಸಲ್ ಮಾಡುತ್ತಾರೆ. ಕಾಲು ಗಂಟೆಯಾದರೂ ಆಟೋ ಬರದಿದ್ದರೆ, ಸ್ವಂತ ಗಾಡಿ ಇಲ್ಲದವರಿಗೆ ಆ ಮನೆ ಬೇಡ.