ನಾಲ್ಕು ಗಂಟೆಯ ಬೆಕ್ಕು ಆರೂವರೆಗೆ ಬಂದಿದ್ದು ಹೀಗೆ

"ಬೆಕ್ಕಿಗೆ ಟೈಮ್ ಕಲಿಸೋಕೆ ಆಗಲ್ಲ, ಸುಮ್ನೆ ಎದ್ದು ಊಟ ಹಾಕು" ಅಂತ ಬೆಕ್ಕು ಸಾಕಿದವರೇ ನನಗೆ ಬುದ್ಧಿ ಹೇಳಿದ್ದರು. ಬೆಳಗಿನ ಜಾವ ನಾಲ್ಕಕ್ಕೇ ಊಟಕ್ಕೆ ಎಬ್ಬಿಸುತ್ತಿದ್ದ ನಮ್ಮ ಬೆಕ್ಕು ಗುಂಡ ಈಗ ಆರೂವರೆ ತನಕ ಸದ್ದು ಮಾಡುವುದಿಲ್ಲ. ಹೆಚ್ಚು ಕಡಿಮೆ ಐದು ತಿಂಗಳಾಯಿತು. ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಕಾಟ ಎಂಥದ್ದು ಅಂತ ಬೆಕ್ಕಿರುವ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎದೆಯ ಮೇಲೆ ಐದು ಕೆಜಿ ಭಾರ. ಮೊದಲು ಮೂಗು ನೆಕ್ಕುತ್ತಾನೆ, ಆಮೇಲೆ ಕೂಗು. ಅದಕ್ಕೂ ಏಳದಿದ್ದರೆ ಮೇಜಿನ ಮೇಲಿನ ಕನ್ನಡಕ, ಫೋನು, ನೀರಿನ ಲೋಟ ಒಂದೊಂದಾಗಿ ನೆಲಕ್ಕೆ. ಒಂದು ತಳ್ಳಿ ನನ್ನ ಮುಖ ನೋಡುತ್ತಾನೆ. ಏಳಲಿಲ್ಲ ಅಂದರೆ ಮುಂದಿನದು.

ಮೊದಲು ಬಾಗಿಲು ಹಾಕಿಕೊಂಡು ಮಲಗಿ ನೋಡಿದೆ. ಬಾಗಿಲಿನ ಬಣ್ಣವೆಲ್ಲ ಪರಚಿ ತೆಗೆದ. ಮತ್ತೆ ಬಳಿಸಿದ ಖರ್ಚಿನಲ್ಲಿ ಅವನಿಗೆ ಒಂದು ತಿಂಗಳ ಊಟ ಬರುತ್ತಿತ್ತು. ರಾತ್ರಿ ಊಟ ಜಾಸ್ತಿ ಹಾಕಿದೆ. ತಿಂದು ಕಂಬಳಿ ಮೇಲೆ ವಾಂತಿ ಮಾಡಿ, ಮತ್ತೆ ನಾಲ್ಕಕ್ಕೇ ಹಾಜರ್. ನೀರು ಚಿಮುಕಿಸಿದರೆ ಓಡಿಹೋಗುತ್ತಾನೆ ಅಂದರು. ಓಡಿದ, ನಿಜ. ಆದರೆ ನೀರು ಬಿತ್ತು ಅಂದರೆ ನಾನು ಎದ್ದಿದ್ದೇನೆ ಅಂತಲೂ ಅವನಿಗೆ ಗೊತ್ತಾಯಿತು. ಜೊತೆಗೆ ಇನ್ನೊಂದು ಬೆಕ್ಕಿದ್ದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು ಅಂತ ಸ್ನೇಹಿತರ ಬೆಕ್ಕನ್ನು ಒಂದು ವಾರ ಇಟ್ಟುಕೊಂಡೆವು. ಎರಡು ಅಲಾರಂ ಆಯಿತು.

ಕೊನೆಗೆ ಟೈಮರ್ ಇರುವ ಫೀಡರ್, ಅಂದರೆ ಇಟ್ಟ ಹೊತ್ತಿಗೆ ತಾನೇ ಊಟ ಹಾಕುವ ಯಂತ್ರ ತಂದೆ. ಮುಚ್ಚಳ ತಿರುಗುವಂಥದ್ದನ್ನು ಒಂದೆರಡು ರಾತ್ರಿಯಲ್ಲೇ ಮಗುಚಿ ಹಾಕಿದ. ಎರಡನೆಯದು ಮೇಲಿನ ಡಬ್ಬಿಯಿಂದ ಕಾಳು ಬೀಳುವ ಜಾತಿ. ಅದರ ಕೊಳವೆಯೊಳಗೆ ಪಂಜ ತೂರಿಸಿ ಬೇಕಾದಾಗ ಎಳೆದುಕೊಂಡ. ಎರಡಕ್ಕೂ ಸೇರಿ ಅವನ ನಾಲ್ಕು ತಿಂಗಳ ಊಟದ ದುಡ್ಡು ಹೋಗಿತ್ತು. ಮನೆಯಲ್ಲಿ ನನ್ನ ಮಾತು ನಡೆಯದ ಕಾಲ ಅದು. ಪಂಜ ಹೋಗದ ಹಾಗೆ ಆಮೇಲೆ ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹಳೇ ಪ್ಲಾಸ್ಟಿಕ್ ಬಾಟಲಿಯೊಂದು ಬೇಕು, ಅಷ್ಟು ಹೇಳುತ್ತೇನೆ.

ಕೆಲಸ ಕೊಟ್ಟಿದ್ದು ಫೀಡರ್ ಅಲ್ಲ, ಅದರ ಟೈಮು. ಎಲ್ಲರೂ ಮೊದಲ ದಿನವೇ ಆರೂವರೆಗೆ ಇಡುತ್ತಾರೆ. ಬೆಕ್ಕು ನಾಲ್ಕಕ್ಕೆ ಎದ್ದು ಎರಡೂವರೆ ಗಂಟೆ ಸುಮ್ಮನೆ ಕೂರುತ್ತಾ? ನಾನು ಮೂರೂ ಮುಕ್ಕಾಲಿಗೆ ಇಟ್ಟೆ. ಅವನು ಕೇಳುವ ಮೊದಲೇ ಊಟ ಬಿತ್ತು, ಅದೂ ನನ್ನ ಕೈಯಿಂದಲ್ಲ. ಅಲ್ಲಿಂದ ಮೂರು ನಾಲ್ಕು ದಿನಕ್ಕೊಮ್ಮೆ ಹತ್ತು ನಿಮಿಷ ಮುಂದಕ್ಕೆ. ಆರೂವರೆ ಮುಟ್ಟಲು ಎರಡು ತಿಂಗಳ ಹತ್ತಿರ ಹಿಡಿಯಿತು. ನಡುವೆ ಒಮ್ಮೆ ಆಸೆಬಿದ್ದು ಅರ್ಧ ಗಂಟೆ ಹಾರಿಸಿದೆ, ಲೋಟ ಬಿತ್ತು.

ಇದರ ಜೊತೆ ರಾತ್ರಿಯ ಆಟ. ಮಲಗುವ ಮೊದಲು ಗರಿ ಕಟ್ಟಿದ ಕೋಲು ಹಿಡಿದು ಹತ್ತು ಹದಿನೈದು ನಿಮಿಷ, ಅವನು ಏದುಸಿರು ಬಿಡುವ ಮೊದಲೇ ನಿಲ್ಲಿಸಿ, ಆಮೇಲೆ ಕೊನೆಯ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ಕ್ರಮವೇ ಅದು. ದಿನದ ಊಟವನ್ನೂ ಐದು ಪಾಲು ಮಾಡಿದೆ. ಒಟ್ಟು ಅಳತೆ ಮೊದಲಿನಷ್ಟೇ.

ಅವನು ಎದ್ದು ಕೂಗಿದಾಗ ನಾವು ಮಿಸುಕಾಡಬಾರದು. ಬೈಯುವುದೂ ಅವನ ಲೆಕ್ಕದಲ್ಲಿ ಮಾತುಕತೆಯೇ. ಮೊದಲ ವಾರ ಕೂಗು ಕಡಿಮೆಯಾಗುವುದಿಲ್ಲ, ದುಪ್ಪಟ್ಟಾಗುತ್ತದೆ. ಜಾಸ್ತಿ ಜನ ಸೋಲುವುದು ಅಲ್ಲೇ. ಅಷ್ಟು ದಿನ ತಡೆದು ಆಮೇಲೆ ಎದ್ದರೆ, ಜೋರಾಗಿ ಕೂಗಿದರೆ ಸಿಗುತ್ತೆ ಅಂತ ನೀವೇ ಪಾಠ ಹೇಳಿದ ಹಾಗೆ.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಕ್ಯಾಟ್‌ನಿಪ್ ಅನ್ನುವ, ಬೆಕ್ಕಿಗೆ ಮತ್ತೇರಿಸುವ ಸೊಪ್ಪು ತುಂಬಿದ ಆಟದ ಇಲಿ ತಂದೆ. ಸುಮಾರು ಮೂರರಲ್ಲಿ ಒಂದು ಬೆಕ್ಕಿಗೆ ಅದು ನಾಟುವುದೇ ಇಲ್ಲ, ಹುಟ್ಟಿನಿಂದಲೇ ಹಾಗೆ. ಗುಂಡ ಆ ಪಂಗಡ. ಇಲಿ ಬಿಟ್ಟು ಅದರ ಪೊಟ್ಟಣದಲ್ಲಿ ಮಲಗಿದ. ಲೇಸರ್ ಬೆಳಕಿನಲ್ಲಿ ಓಡಿಸಿದರೆ ಕೈಗೆ ಏನೂ ಸಿಗದೆ ತುಂಬಾ ಹೊತ್ತು ಗೋಡೆ ನೋಡುತ್ತಾ ಕೂತ; ಅದನ್ನು ಬಿಟ್ಟೆ. ಮೇಜಿನ ಅಂಚಿಗೆ ಎರಡೂ ಕಡೆ ಅಂಟುವ ಟೇಪ್ ಹಾಕಿದ್ದು ಮಾತ್ರ ಫಲ ಕೊಟ್ಟಿತು. ನನ್ನ ಮೊಣಕೈಯೂ ಅಂಟಿತು ಅನ್ನುವುದು ಬೇರೆ ಮಾತು. ದಪ್ಪ ಪರದೆಯೂ ಒಳ್ಳೆಯದೇ, ಮುಂಜಾವಿನ ಬೆಳಕಿಗೆ ಬೆಕ್ಕು ಚುರುಕಾಗುತ್ತದೆ.

ವಯಸ್ಸಾದ ಬೆಕ್ಕು ಇದ್ದಕ್ಕಿದ್ದಂತೆ ರಾತ್ರಿ ಕೂಗಲು ಶುರು ಮಾಡಿದ್ದರೆ ಈ ಆಟ ಬೇಡ. ಥೈರಾಯ್ಡ್, ಕಿಡ್ನಿ ತೊಂದರೆಯಲ್ಲೂ ಹಾಗೇ ಕೂಗುತ್ತವೆ, ಮೊದಲು ಡಾಕ್ಟರಿಗೆ ತೋರಿಸಿ. ಫೀಡರ್ ಕೊಳ್ಳುವಾಗ ಬ್ಯಾಟರಿಯಲ್ಲೂ ನಡೆಯುವುದನ್ನೇ ನೋಡಿ. ಒಂದು ರಾತ್ರಿ ಕರೆಂಟ್ ಹೋಗಿ ಯಂತ್ರ ನಿಂತಿತ್ತು. ಗುಂಡ ನನ್ನ ಹತ್ತಿರ ಬರಲೇ ಇಲ್ಲ, ಯಂತ್ರದ ಮುಂದೆ ಕೂತು ಅದಕ್ಕೇ ಬೈದ.