ಅಕೌಂಟ್ಸ್ ಪಾಠ: ಅರ್ಧ ಮೊಬೈಲಲ್ಲಿ, ಅರ್ಧ ಕ್ಲಾಸಲ್ಲಿ

"ಮೊಬೈಲ್ ಕೈಗೆ ಕೊಟ್ರೆ ರೀಲ್ಸ್ ನೋಡ್ತಾರೆ ಸರ್, ಪಾಠ ಅಲ್ಲ." ಸ್ಟಾಫ್ ರೂಮಿನಲ್ಲಿ ಎರಡು ವರ್ಷ ಈ ಮಾತು ಕೇಳಿದ್ದೇನೆ. ಈ ಸಲದ ಬಿ.ಕಾಂ. ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ಮೇಲೆ ಅದು ನಿಂತಿದೆ. ಅರವತ್ತು ಚಿಲ್ಲರೆ ಮಕ್ಕಳಲ್ಲಿ ಮೊದಲೆಲ್ಲ 18–20 ಜನ ಅಕೌಂಟ್ಸ್‌ನಲ್ಲಿ ಫೇಲಾಗುತ್ತಿದ್ದರು. ಈ ಸಲ ಐದೋ ಆರೋ.

ಒಂದು ಕೋರ್ಸಿನ ಶೇ 40ರವರೆಗೆ ಆನ್‌ಲೈನ್‌ನಲ್ಲಿ ಕಲಿಸಬಹುದು ಅಂತ 2021ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕರಡು ಹೊರಡಿಸಿತಲ್ಲ, ನಾನು ಅದನ್ನು ಹಾಗೇ ಹಿಡಿದೆ. ಐದು ಯೂನಿಟ್‌ನಲ್ಲಿ ಎರಡು ಆನ್‌ಲೈನ್, ಮೂರು ಕ್ಲಾಸಿನಲ್ಲಿ. ಮೈಕು, ಲೈಟು, ಪಾಠಗಳನ್ನು ಆನ್‌ಲೈನ್‌ನಲ್ಲಿ ಇಡುವ ಮೂಡಲ್ (Moodle) ಅನ್ನೋ ಸಾಫ್ಟ್‌ವೇರ್‌ಗೆ ಹೋಸ್ಟಿಂಗ್ ಅಂತ ಕೈಯಿಂದ 11–12 ಸಾವಿರ ಹೋಯಿತು. ಮುಕ್ಕಾಲು ಗಂಟೆಯ ವಿಡಿಯೊಗಳನ್ನು ಮಕ್ಕಳು ಐದಾರು ನಿಮಿಷಕ್ಕೇ ಮುಚ್ಚುತ್ತಿದ್ದರು. ಆ ಎರಡು ಯೂನಿಟ್ ಕೊನೆಗೆ ಭಾನುವಾರ ಕ್ಲಾಸ್ ಇಟ್ಟು ಮುಗಿಸಿದೆ.

ಮುಂದಿನ ವರ್ಷ ಚಿಕ್ಕ ವಿಡಿಯೊ ಮಾಡಿದೆ. ನೋಡಿ ಬಂದವರು ಹತ್ತು ಜನ. ಉಳಿದವರ ಮೇಲೆ ಕನಿಕರಪಟ್ಟು ಅದೇ ಪಾಠ ಬೋರ್ಡಿನ ಮೇಲೆ ಮತ್ತೆ ಮಾಡಿದೆ. ಮರುವಾರ ನೋಡಿದವರು ನಾಲ್ಕೇ ಜನ! ಸರ್ ಹೇಗೂ ಹೇಳಿಕೊಡ್ತಾರೆ ಅಂತ ಗೊತ್ತಾದ ಮೇಲೆ ಯಾರು ನೋಡ್ತಾರೆ ಹೇಳಿ?

ಮೂರನೇ ವರ್ಷ ಯೂನಿಟ್ ಒಡೆಯುವುದು ಬಿಟ್ಟು, ಪ್ರತಿ ಪಾಠವನ್ನೇ ಒಡೆದೆ. ಏಳು ನಿಮಿಷದ ವಿಡಿಯೊ. ಅದರಲ್ಲಿ ಕಾಣುವುದು ನನ್ನ ಕೈ ಮತ್ತು ಲೆಡ್ಜರ್ ಹಾಳೆ ಮಾತ್ರ. ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಬಸ್ಸಲ್ಲಿ ನೋಡುತ್ತಾರೆ. ರಾತ್ರಿ ಒಂಬತ್ತರೊಳಗೆ ಗೂಗಲ್ ಫಾರ್ಮ್‌ನಲ್ಲಿ ಮೂರು ಪ್ರಶ್ನೆ. ಊರಲ್ಲಿ ಸಿಗ್ನಲ್ ಇಲ್ಲದವರು ಬೆಳಿಗ್ಗೆ ಚೀಟಿಯಲ್ಲಿ ಬರೆದು ಕೊಡುತ್ತಾರೆ.

ನಿಜವಾದ ಕೆಲಸ ನಡೆಯುವುದು ತಪ್ಪು ಉತ್ತರಗಳಲ್ಲಿ. ಯಂತ್ರದ ಬೆಲೆ 1,00,000 ರೂಪಾಯಿ, ರಿಟನ್ ಡೌನ್ ವ್ಯಾಲ್ಯೂ ಪದ್ಧತಿ (ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಮಾತ್ರ ಸವಕಳಿ ಕಳೆಯುವುದು), ದರ ಶೇ 10. ಮೂರನೇ ವರ್ಷದ ಡಿಪ್ರಿಸಿಯೇಷನ್, ಅಂದರೆ ಸವಕಳಿ ಎಷ್ಟು? 8,100 ಅಂದವರು ಸರಿ. 10,000 ಅಂದವರಿಗೆ ಪದ್ಧತಿಯೇ ತಲೆಗೆ ಹತ್ತಿಲ್ಲ. 9,000 ಅಂದವರಿಗೆ ಪದ್ಧತಿ ಗೊತ್ತು, ಒಂದು ವರ್ಷ ಹಿಂದೆ ನಿಂತಿದ್ದಾರೆ. ಬೆಳಿಗ್ಗೆ ಟೀ ಕುಡಿಯುತ್ತಾ ಮೂರು ಗುಂಪು ಮಾಡಿಕೊಳ್ಳುತ್ತೇನೆ. ಹತ್ತು ಸಾವಿರದವರ ಪಕ್ಕ ನಾನು ಕೂರುತ್ತೇನೆ. ಒಂಬತ್ತು ಸಾವಿರದವರು ವರ್ಷವರ್ಷವೂ ಗೆರೆ ಎಳೆದು ಬ್ಯಾಲೆನ್ಸ್ ಬರೆಯಬೇಕು. ಸರಿ ಮಾಡಿದವರಿಗೆ ವರ್ಷದ ನಡುವೆ ಯಂತ್ರ ಮಾರಿದ ಲೆಕ್ಕ. ವಿಡಿಯೊ ನೋಡದೆ ಬಂದವರು ಹಿಂದಿನ ಬೆಂಚಲ್ಲಿ ಇಯರ್‌ಫೋನ್ ಹಾಕಿ ನೋಡಿಕೊಂಡೇ ಗುಂಪಿಗೆ ಬರಬೇಕು. ಮತ್ತೆ ಪಾಠ ಮಾಡುವುದಿಲ್ಲ. ಮೊದಲ ಮೂರು ವಾರ ಈ ಹಟ ಹಿಡಿಯುವುದು ತುಂಬಾ ಕಷ್ಟವಾಯಿತು.

ತಪ್ಪು ಆಯ್ಕೆಗಳನ್ನು ಹೇಗೆ ಹೆಣೆಯುತ್ತೇನೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿ ಗಳಿಸಿದ್ದು ಅದು.

ನಡುವೆ ಬರೀ ಆಡಿಯೊ ಕಳಿಸಿ ನೋಡಿದೆ. ಆಗಲಿಲ್ಲ. ಅಕೌಂಟ್ಸ್‌ನಲ್ಲಿ ಕಾಲಂ ಕಣ್ಣಿಗೆ ಕಾಣಲೇಬೇಕು. ಇನ್ನೊಂದು ಪ್ರಯೋಗ ಚೆನ್ನಾಗಿ ಕೂತಿತು. ಒಬ್ಬ ಹುಡುಗ ತಂದೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಫೋಟೊ ಕಳಿಸಿದ, ಹೆಸರುಗಳನ್ನು ಮುಚ್ಚಿ. ಎಲ್ಲರೂ ಮನೆಯಲ್ಲಿ ಲೆಡ್ಜರಿಗೆ ಏರಿಸಿ ತಂದರು. ಕ್ಲಾಸಿನ ಮೊತ್ತಕ್ಕೂ ಅಂಗಡಿಯ ಮೊತ್ತಕ್ಕೂ 1,300ರಷ್ಟು ವ್ಯತ್ಯಾಸ. ಹುಡುಕಿದರೆ, ಒಂದು ಬಾಕಿ ಎರಡು ಸಲ ಬರೆದಿತ್ತು. ಆ ತಂದೆ ಮರುದಿನವೇ ಫೋನ್ ಮಾಡಿದ್ದರು. ಬರುವ ಸೆಮಿಸ್ಟರ್‌ಗೆ ಇನ್ನೂ ನಾಲ್ಕು ಅಂಗಡಿಯವರನ್ನು ಕೇಳಿಟ್ಟಿದ್ದೇನೆ.