ಮೂವತ್ತೆರಡು ಕಂಪ್ಯೂಟರ್‌ಗಳಿಗೆ ಒಂದೇ ಉತ್ತರಪತ್ರಿಕೆ

ನಾನು ಪದವಿ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಸೆಮಿಸ್ಟರ್ ಆರಂಭವಾಗುವ ಮುನ್ನ ಅಲ್ಲಿನ 32 ಕಂಪ್ಯೂಟರ್‌ಗಳಿಗೂ ಡೆಬಿಯನ್ ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಲು ನಾಲ್ಕು ಪೆನ್‌ಡ್ರೈವ್ ಹಿಡಿದು ಮೂರು ದಿನ ಓಡಾಡುತ್ತಿದ್ದೆ. ಶ್ರಮಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿದ್ದುದು ಯಂತ್ರ ಯಂತ್ರಕ್ಕೂ ಉಳಿದುಬಿಡುತ್ತಿದ್ದ ವ್ಯತ್ಯಾಸ. ಒಂದರಲ್ಲಿ ಗಡಿಯಾರ ತಪ್ಪಿರುತ್ತಿತ್ತು, ಇನ್ನೊಂದರಲ್ಲಿ ಕಂಪೈಲರ್ ಇರುತ್ತಿರಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನ ಇದರಿಂದಾಗಿ ಒಬ್ಬ ವಿದ್ಯಾರ್ಥಿನಿ ಹದಿನೈದು ನಿಮಿಷ ಕಳೆದುಕೊಂಡದ್ದನ್ನು ಕಂಡ ಮೇಲೆ, ಈ ಕೆಲಸವನ್ನು ಕೈಯಿಂದ ಮಾಡಬಾರದೆಂದು ತೀರ್ಮಾನಿಸಿದೆ.

ಡೆಬಿಯನ್ 12ಕ್ಕೆ ನಾನು ಬಳಸಿದ್ದು ನೆಟ್‌ವರ್ಕ್ ಬೂಟ್ ಮತ್ತು ಪ್ರಿಸೀಡ್ ಕಡತ, ಅಂದರೆ ಮೊದಲೇ ಬರೆದಿಟ್ಟ ಉತ್ತರಪತ್ರಿಕೆ. ಕಂಪ್ಯೂಟರ್ ಆನ್ ಆದಾಗ ಅದರ ನೆಟ್‌ವರ್ಕ್ ಕಾರ್ಡ್ ಪಿಎಕ್ಸ್‌ಇ ಎಂಬ, ನೆಟ್‌ವರ್ಕಿನಿಂದ ಬೂಟ್ ಆಗುವ ವಿಧಾನದಲ್ಲಿ ವಿಳಾಸ ಕೇಳುತ್ತದೆ. ಸರ್ವರಿನಲ್ಲಿ ಓಡುವ ಡಿಎನ್‌ಎಸ್‌ಮಾಸ್ಕ್ ಎಂಬ ಒಂದೇ ಸಣ್ಣ ತಂತ್ರಾಂಶ ಆ ವಿಳಾಸವನ್ನೂ ಕೊಟ್ಟು, ಬೂಟ್ ಕಡತವನ್ನು ಟಿಎಫ್‌ಟಿಪಿ ಎಂಬ ಸರಳ ಕಡತ ಸಾಗಣೆಯ ವಿಧಾನದ ಮೂಲಕ ಕಳಿಸುತ್ತದೆ. ಅನಂತರ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆಲ್ಲ ಪ್ರಿಸೀಡ್ ಕಡತವೇ ಉತ್ತರ ಕೊಡುತ್ತದೆ. ಕಾಲೇಜಿನ ಉಳಿದ ಕಂಪ್ಯೂಟರ್‌ಗಳಿಗೆ ನನ್ನ ಸರ್ವರ್ ವಿಳಾಸ ಹಂಚಬಾರದೆಂದು, ಸರ್ವರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಲ್ಯಾಬಿನ ಸ್ವಿಚ್ಚನ್ನು ಬೇರ್ಪಡಿಸಿದೆ.

ಮೊದಲ ಪ್ರಯತ್ನದಲ್ಲಿ ಇನ್‌ಸ್ಟಾಲರ್ ಭಾಷೆ ಯಾವುದೆಂದು ಕೇಳುತ್ತಾ ನಿಂತಿತು. ಉತ್ತರಪತ್ರಿಕೆ ಸರ್ವರಿನಲ್ಲಿದೆ, ಭಾಷೆಯ ಪ್ರಶ್ನೆಯಾದರೋ ನೆಟ್‌ವರ್ಕ್ ಸಿದ್ಧವಾಗುವ ಮೊದಲೇ ಬರುತ್ತದೆ. ಬೂಟ್ ಸಾಲಿನಲ್ಲಿ 'ಆಟೋ' ಎಂದು ಸೂಚಿಸಿದರೆ ಆ ಪ್ರಶ್ನೆಗಳನ್ನು ಅದು ಮುಂದೂಡುತ್ತದೆ ಎಂಬುದು ಆಮೇಲೆ ತಿಳಿಯಿತು. ಇನ್ನು ಕೆಲವು ಯಂತ್ರಗಳು ಫರ್ಮ್‌ವೇರ್, ಅಂದರೆ ಯಂತ್ರಾಂಶದ ಒಳಗೆ ಓಡುವ ತಂತ್ರಾಂಶ, ಕೇಳಿ ನಿಂತವು. ನೆಟ್‌ಬೂಟ್ ಕಡತದಲ್ಲಿ ಅದು ಇರದ ಕಾರಣ ನಾನೇ ಇನಿಟ್‌ಆರ್‌ಡಿಯ (ಬೂಟ್ ಆಗುವಾಗ ಮೆಮೊರಿಗೆ ಬರುವ ಇನ್‌ಸ್ಟಾಲರಿನ ಕಡತ) ಕೊನೆಗೆ ಜೋಡಿಸಿದೆ.

ಇವೆಲ್ಲ ಸರಿಪಡಿಸಬಹುದಾದ ತೊಡಕುಗಳು. ಡಿಸ್ಕಿನ ಪ್ರಶ್ನೆ ಹಾಗಲ್ಲ. ಯಾವ ಡಿಸ್ಕನ್ನು ಅಳಿಸಬೇಕು ಎಂಬುದಕ್ಕೆ ನಾನು 'ಎಸ್‌ಡಿಎ' (ಲಿನಕ್ಸ್ ಮೊದಲ ಡಿಸ್ಕಿಗೆ ಕೊಡುವ ಹೆಸರು) ಎಂದು ಉತ್ತರ ಬರೆದಿದ್ದೆ, ಏಕೆಂದರೆ ನಾನು ಪರೀಕ್ಷಿಸಿದ ಯಂತ್ರಗಳಲ್ಲಿದ್ದುದು ಒಂದೊಂದೇ ಡಿಸ್ಕ್. ಆದರೆ ಹಿಂದಿನ ಸಾಲಿನ ಮೂರು ಯಂತ್ರಗಳಿಗೆ ಹೊಸದಾಗಿ ಎಸ್‌ಎಸ್‌ಡಿ ಹಾಕಿಸಿದಾಗ ಹಳೆಯ ಹಾರ್ಡ್‌ಡಿಸ್ಕನ್ನು ತೆಗೆಯದೆ ಉಳಿಸಿಕೊಂಡಿದ್ದೆವು, ಮತ್ತು ಅವುಗಳಲ್ಲಿ ಒಂದರಲ್ಲಿ ಎಸ್‌ಡಿಎ ಎಂಬ ಹೆಸರು ಹೋಗಿದ್ದು, ಅಂತಿಮ ವರ್ಷದವರು ಪ್ರಾಜೆಕ್ಟ್ ಇಟ್ಟುಕೊಂಡಿದ್ದ ಆ ಹಾರ್ಡ್‌ಡಿಸ್ಕಿಗೆ. ಖಚಿತಪಡಿಸಿ ಎಂಬ ಪ್ರಶ್ನೆಗೂ ಹೌದು ಎಂದು ನಾನೇ ಬರೆದಿಟ್ಟಿದ್ದರಿಂದ ಇನ್‌ಸ್ಟಾಲರ್ ಯಾರನ್ನೂ ಕೇಳದೆ ಅದನ್ನು ಅಳಿಸಿತು. ಎರಡು ವಾರದ ಹಿಂದಿನ ಪ್ರತಿ ಸಿಕ್ಕಿತು. ಆ ಎರಡು ವಾರದ ಕೆಲಸ ಸಿಗಲಿಲ್ಲ. ಆ ಮಕ್ಕಳೆದುರು ಕುಳಿತು ತಪ್ಪು ನನ್ನದೆಂದು ಒಪ್ಪಿಕೊಂಡೆ.

ಆಮೇಲೆ ಡಿಸ್ಕಿನ ಹೆಸರನ್ನು ಉತ್ತರವಾಗಿ ಬರೆಯುವುದನ್ನೇ ಬಿಟ್ಟೆ. ಡಿಸ್ಕಿನ ವಿಭಜನೆ ಆರಂಭವಾಗುವ ಮುನ್ನ ಓಡುವಂತೆ ಪ್ರಿಸೀಡಿನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಸೇರಿಸಿದೆ. ಅದು ಡಿಸ್ಕುಗಳನ್ನು ಎಣಿಸುತ್ತದೆ. ಒಂದೇ ಇದ್ದರೆ ಅದನ್ನು ಆರಿಸುತ್ತದೆ, ಒಂದಕ್ಕಿಂತ ಹೆಚ್ಚು ಕಂಡರೆ ಏನನ್ನೂ ಮುಟ್ಟದೆ ಯಂತ್ರವನ್ನು ಆಫ್ ಮಾಡುತ್ತದೆ. ಯಾರಾದರೂ ಮರೆತುಬಿಟ್ಟ ಪೆನ್‌ಡ್ರೈವ್ ಕೂಡ ಎಣಿಕೆಗೆ ಸಿಗುವುದರಿಂದ ಅದೂ ಉಳಿಯುತ್ತದೆ. ಎಸ್‌ಎಸ್‌ಡಿಯನ್ನು ತಾನಾಗಿ ಗುರುತಿಸುವಂತೆ ಸ್ಕ್ರಿಪ್ಟ್ ಬರೆಯಬಹುದಿತ್ತು, ಆದರೆ ಅಳಿಸುವ ವಿಷಯದಲ್ಲಿ ಅಷ್ಟು ಜಾಣತನವನ್ನು ಯಂತ್ರಕ್ಕೆ ಒಪ್ಪಿಸಲು ನನಗೆ ಮನಸ್ಸಿಲ್ಲ.

ಇದೇ ಎಚ್ಚರಿಕೆ ಬೂಟ್ ಕ್ರಮದಲ್ಲೂ ಬೇಕಾಯಿತು. ಬಯಾಸ್‌ನಲ್ಲಿ ನೆಟ್‌ವರ್ಕ್ ಮೊದಲಿದ್ದರೆ, ಕೆಲಸ ಮುಗಿದು ರೀಬೂಟ್ ಆದ ಯಂತ್ರ ಮತ್ತೆ ಸರ್ವರಿಗೆ ಬಂದು ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಆಗುತ್ತದೆ. ಸರ್ವರ್ ಕಳಿಸುವ ಬೂಟ್ ತಂತ್ರಾಂಶ ಪಿಎಕ್ಸ್‌ಇಲಿನಕ್ಸ್, ಯಂತ್ರದ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಹೆಸರಿನ ಕಡತ ಹುಡುಕಿ, ಸಿಗದಿದ್ದರೆ ಕಡೆಗೆ 'ಡಿಫಾಲ್ಟ್' ಕಡತಕ್ಕೆ ಬರುತ್ತದೆ. ಹಾಗಾಗಿ ಡಿಫಾಲ್ಟ್‌ನಲ್ಲಿ ಸ್ವಂತ ಡಿಸ್ಕಿನಿಂದಲೇ ಬೂಟ್ ಆಗುವಂತೆ ಬರೆದು, ಇನ್‌ಸ್ಟಾಲ್ ಆಗಬೇಕಾದ ಯಂತ್ರಗಳಿಗೆ ಮಾತ್ರ ಮ್ಯಾಕ್ ವಿಳಾಸದ ಕಡತ ಇಟ್ಟೆ. ಕೆಲಸ ಮುಗಿಯುತ್ತಿದ್ದಂತೆ ಯಂತ್ರ ಸರ್ವರಿಗೆ ಸುದ್ದಿ ಕೊಡುತ್ತದೆ, ಸರ್ವರ್ ಆ ಕಡತವನ್ನು ತೆಗೆದುಹಾಕುತ್ತದೆ.

ಪ್ರತಿ ಯಂತ್ರಕ್ಕೂ ಸುಮಾರು 1.5 ಜಿಬಿ ಪ್ಯಾಕೇಜ್ ಬೇಕು. 32 ಯಂತ್ರಗಳಿಗೆ 48 ಜಿಬಿ. ಒಮ್ಮೆ ತಂದ ಪ್ಯಾಕೇಜುಗಳನ್ನು ಸರ್ವರಿನಲ್ಲೇ ಉಳಿಸಿಕೊಳ್ಳುವ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ ಮೊದಲು ಒಂದೇ ಯಂತ್ರವನ್ನು ಮುಗಿಸಿದರೆ ಉಳಿದವಕ್ಕೆ ಇಂಟರ್‌ನೆಟ್ಟಿನಿಂದ ಬಹುತೇಕ ಏನನ್ನೂ ತರಿಸಬೇಕಾಗುವುದಿಲ್ಲ. ಆದರೂ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ ಅಷ್ಟು ಸಾಗಿಸಲು ಗಂಟೆಗೂ ಮೀರಿ ಬೇಕಾದ್ದರಿಂದ ಗಿಗಾಬಿಟ್ ಸ್ವಿಚ್ ಕೊಡಿಸಿಕೊಂಡೆ. ಪಟ್ಟಿಯಲ್ಲಿ ಗುಬ್ಬಿ, ನವಿಲು ಫಾಂಟುಗಳನ್ನೂ ಕನ್ನಡ ಕೀಲಿಮಣೆಯನ್ನೂ ಸೇರಿಸಿದ್ದೇನೆ. ಹಿಂದೆ ಇವು ನೆನಪಾದ ಯಂತ್ರಗಳಲ್ಲಿ ಮಾತ್ರ ಇರುತ್ತಿದ್ದವು.

ಈ ಬಾರಿ 29 ಯಂತ್ರಗಳು ಒಂದು ಬೆಳಗಿನಲ್ಲೇ ಸಿದ್ಧವಾದವು. ಎರಡು ಡಿಸ್ಕಿನ ಮೂರು ಯಂತ್ರಗಳು ತಾವಾಗಿ ಆಫ್ ಆಗಿದ್ದವು. ಮಧ್ಯಾಹ್ನ ಒಂದೊಂದನ್ನೇ ತೆರೆದು, ಹಳೆಯ ಹಾರ್ಡ್‌ಡಿಸ್ಕಿನ ಕೇಬಲ್ ಬಿಡಿಸಿ, ಮತ್ತೆ ಆನ್ ಮಾಡಿದೆ.